ಬೆಟ್ಟ ಒಡೆದು ಮಣ್ಣು ಮಾಡಿದವರು

ಪೀಪಾಯಿ ಎಂಬ ಪದ ನಮಗೆಲ್ಲ ಗೊತ್ತು. ಡಾಂಬರು ಪೀಪಾಯಿ, ಸೀಮೆಎಣ್ಣೆ ಪೀಪಾಯಿ, ಮದುವೆ ಮನೆಯ ಹಿತ್ತಲಲ್ಲಿ ನೀರು ತುಂಬಿಡುವ ಪೀಪಾಯಿ. ಆದರೆ ಇದು ಮೂಲದಲ್ಲಿ ಕನ್ನಡದ ಪದವಲ್ಲ. ಪೋರ್ಚುಗೀಸರ 'ಪೀಪಾ' ಹಡಗು ಹತ್ತಿ ನಮ್ಮ ಪಶ್ಚಿಮ ಕರಾವಳಿಗೆ ಬಂತು. ಮೇಜು, ಚಾವಿ, ಮೇಸ್ತ್ರಿ, ಪಾದ್ರಿ ಮುಂತಾದ ಪದಗಳ ಜೊತೆ ನಮ್ಮ ಮನೆಯೊಳಗೂ ಸೇರಿಕೊಂಡಿತು.

ಈ ಪೀಪಾ ಇಂದಿಗೂ ಲೆಕ್ಕದ ಅಳತೆಯಾಗಿ ಉಳಿದಿರುವ ಒಂದು ಕಣಿವೆ ಉತ್ತರ ಪೋರ್ಚುಗಲ್ಲಿನಲ್ಲಿದೆ. ಅದು ಡೌರೊ ನದಿಯ ಕಣಿವೆ. ಅಲ್ಲಿ ಒಂದು ಪೀಪಾ ಎಂದರೆ 550 ಲೀಟರ್. ನಮ್ಮಲ್ಲಿ ಅಡಿಕೆ ಬೆಳೆಗಾರರು ಕ್ವಿಂಟಾಲ್ ಲೆಕ್ಕದಲ್ಲಿ ಮಾತನಾಡುವ ಹಾಗೆ ಅಲ್ಲಿನ ದ್ರಾಕ್ಷಿ ಬೆಳೆಗಾರರು 'ಈ ಸಲ ಇಷ್ಟು ಪೀಪಾ' ಎನ್ನುತ್ತಾರೆ. ಅಲ್ಲಿಂದ ಹೊರಡುವ 'ಪೋರ್ಟ್' ಎಂಬ ಕೆಂಪು ವೈನ್ ಲೋಕಪ್ರಸಿದ್ಧ.

ಇದೇನು, ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ವೈನಿನ ಮಾತು ಎಂದು ಯಾರೂ ಹುಬ್ಬೇರಿಸಬೇಕಾಗಿಲ್ಲ. ಬಾಟಲಿಯೊಳಗೆ ಇರುವುದರ ಗುಣಗಾನ ನನ್ನ ಉದ್ದೇಶವಲ್ಲ. ಬಾಟಲಿಯ ಹಿಂದೆ ಒಂದು ಬೆಟ್ಟವಿದೆ. ಆ ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಕಲ್ಲನ್ನೇ ಪುಡಿ ಮಾಡಿ ಮಣ್ಣಾಗಿಸಿದ ಜನರ ಕಥೆಯಿದೆ. ಅದನ್ನು ಹೇಳಬೇಕಾಗಿದೆ.

ಮಣ್ಣೇ ಇಲ್ಲದ ತೋಟ

ಡೌರೊ ಸುಮಾರು 900 ಕಿಲೋಮೀಟರ್ ಉದ್ದದ ನದಿ. ಸ್ಪೇನಿನ ಬೆಟ್ಟಗಳಲ್ಲಿ ಹುಟ್ಟಿ, ಪಶ್ಚಿಮಕ್ಕೆ ಹರಿದು, ಪೋರ್ಟೊ ನಗರದ ಬಳಿ ಅಟ್ಲಾಂಟಿಕ್ ಸಾಗರ ಸೇರುತ್ತದೆ. ದ್ರಾಕ್ಷಿ ಬೆಳೆಯುವುದು ಸಮುದ್ರದ ಬಳಿಯಲ್ಲ, ಒಳನಾಡಿನಲ್ಲಿ. ಮರಾಂವ್ ಎಂಬ ಪರ್ವತ ಸಾಲು ನಡುವೆ ಅಡ್ಡ ನಿಂತು ಸಾಗರದ ಮಳೆಮೋಡಗಳನ್ನು ತಡೆಯುತ್ತದೆ. ನಮ್ಮ ಪಶ್ಚಿಮ ಘಟ್ಟದ ಆಚೆ ಧಾರಾಕಾರ ಮಳೆ, ಈಚೆ ಬಯಲುಸೀಮೆ ಇದ್ದ ಹಾಗೆಯೇ ಇದು. ನದಿಯ ಗುಂಟ ಪೂರ್ವಕ್ಕೆ ಹೋದಷ್ಟೂ ಮಳೆ ಕಡಿಮೆ, ಬಿಸಿಲು ಹೆಚ್ಚು. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಮಾಮೂಲು. 'ಒಂಬತ್ತು ತಿಂಗಳು ಚಳಿಗಾಲ, ಮೂರು ತಿಂಗಳು ನರಕ' ಎಂಬ ಗಾದೆಯೇ ಅಲ್ಲಿದೆ.

ನೆಲವಾದರೂ ಚೆನ್ನಾಗಿದೆಯೇ ಎಂದರೆ, ನೆಲವೇ ಇಲ್ಲ! ಇರುವುದು ಶಿಸ್ಟ್ ಎಂಬ ಬಂಡೆ. ನಮ್ಮ ಕಡಪ ಕಲ್ಲಿನ ಹಾಗೆ ಪದರು ಪದರಾಗಿ ಸೀಳುವ ಕಲ್ಲು. ಆ ಪದರುಗಳು ಅನೇಕ ಕಡೆ ಅಡ್ಡಡ್ಡ ಮಲಗಿಲ್ಲ, ಕಪಾಟಿನಲ್ಲಿ ನಿಲ್ಲಿಸಿದ ಪುಸ್ತಕಗಳ ಹಾಗೆ ನೆಟ್ಟಗೆ ನಿಂತಿವೆ. ಬಡವರ ಪಾಲಿಗೆ ದೇವರು ಒಂದು ಕಡೆ ಮುಚ್ಚಿ ಇನ್ನೊಂದು ಕಡೆ ತೆರೆಯುತ್ತಾನಂತೆ. ಇಲ್ಲಿಯೂ ಹಾಗೇ ಆಗಿದೆ. ನೆಟ್ಟಗಿರುವ ಆ ಸಂದುಗಳಲ್ಲಿ ಮಳೆನೀರು ಇಳಿಯುತ್ತದೆ. ನೀರನ್ನು ಹುಡುಕಿಕೊಂಡು ದ್ರಾಕ್ಷಿಯ ಬೇರೂ ಹಲವಾರು ಮೀಟರ್ ಆಳಕ್ಕೆ ಇಳಿಯುತ್ತದೆ. ಮೇಲೆ ಬೆಂಕಿಯಂಥ ಬಿಸಿಲಿದ್ದರೂ ಬೇರಿಗೆ ತೇವ ಸಿಗುತ್ತದೆ. ಹಗಲು ಕಾದ ಕಲ್ಲು ರಾತ್ರಿಯೂ ಬಿಸಿ ಉಳಿಸಿಕೊಂಡು ಹಣ್ಣನ್ನು ಮಾಗಿಸುತ್ತದೆ. ಬೇರೆ ಬೆಳೆ ಬಾರದ ಕಡೆ ದ್ರಾಕ್ಷಿ ಬರುವ ಗುಟ್ಟು ಇದು. ದ್ರಾಕ್ಷಿಯ ಜೊತೆ ಆಲಿವ್, ಬಾದಾಮಿ ಮರಗಳೂ ಬದುಕುತ್ತವೆ. ಹೆಚ್ಚಿನದೇನೂ ಬದುಕುವುದಿಲ್ಲ.

ಇನ್ನು ಇಳಿಜಾರು. ನೂರು ಅಡಿ ಮುಂದಕ್ಕೆ ಹೋಗಬೇಕಾದರೆ ಮೂವತ್ತು ಅಡಿ ಮೇಲೇರಬೇಕು. ಎಷ್ಟೋ ಕಡೆ ಅದಕ್ಕಿಂತಲೂ ಕಡಿದು. ಅಂಥ ಕಡೆ ಗಿಡ ನೆಟ್ಟರೆ ಮೊದಲ ಮಳೆಗೇ ಎಲ್ಲವೂ ಹೊಳೆಯ ಪಾಲು. ಅದಕ್ಕೇ ಗೋಡೆ ಕಟ್ಟಿದರು.

ಗಾರೆಯಿಲ್ಲದ ಗೋಡೆ

ಕೆಲಸ ನಡೆಯುತ್ತಿದ್ದುದು ಹೀಗೆ. ಹಾರೆ, ಗುದ್ದಲಿ, ಸುತ್ತಿಗೆ, ಬೇಕಾದಾಗ ಸಿಡಿಮದ್ದು ಹಿಡಿದು ಬಂಡೆಯನ್ನು ಒಡೆಯುವುದು. ದೊಡ್ಡ ಚೂರುಗಳನ್ನು ಆರಿಸಿ ಇಳಿಜಾರಿಗೆ ಅಡ್ಡಲಾಗಿ ಗೋಡೆ ಕಟ್ಟುವುದು. ಸಣ್ಣ ಚೂರು, ಪುಡಿಯನ್ನು ಗೋಡೆಯ ಹಿಂದೆ ತುಂಬಿ ಸಮತಟ್ಟು ಮಾಡುವುದು. ಆ ಪುಡಿಯೇ ಮಣ್ಣು. ಆಮೇಲೆ ಒಂದಾಳು ಮೇಲೆ ಹತ್ತಿ ಇನ್ನೊಂದು ಗೋಡೆ, ಅದರ ಮೇಲೆ ಮತ್ತೊಂದು. ನದಿಯ ದಡದಿಂದ ಬೆಟ್ಟದ ನೆತ್ತಿಯವರೆಗೆ ಹೀಗೆ ಸಾಲು ಸಾಲು. ದೂರದಿಂದ ನೋಡಿದರೆ ಯಾರೋ ಬಾಚಣಿಗೆಯಿಂದ ಬೆಟ್ಟ ಬಾಚಿದಂತೆ ಕಾಣುತ್ತದೆ.

ಈ ಗೋಡೆಗಳಿಗೆ ಗಾರೆ, ಸಿಮೆಂಟು ಏನೂ ಇಲ್ಲ. ಕಲ್ಲಿನ ಮೇಲೆ ಕಲ್ಲು, ಸಂದಿಗೆ ಚಕ್ಕೆ, ಅಷ್ಟೇ. ಕೈಲಾಗದ ಬಡತನಕ್ಕೆ ಹಾಗೆ ಮಾಡಿದ್ದಲ್ಲ. ಗಾರೆ ಹಾಕಿದರೆ ಮಳೆನೀರು ಹಿಂದೆ ನಿಂತು, ಅದರ ಒತ್ತಡಕ್ಕೆ ಗೋಡೆಯೇ ಒರಗಿಬಿಡುತ್ತದೆ. ಗಾರೆಯಿಲ್ಲದಿದ್ದರೆ ನೀರು ಸಂದಿಯಲ್ಲಿ ಜಿನುಗಿ ಹೊರಹೋಗುತ್ತದೆ, ಮಣ್ಣು ಮಾತ್ರ ಉಳಿಯುತ್ತದೆ. ಗೋಡೆಯನ್ನು ಬೆಟ್ಟದ ಕಡೆಗೆ ತುಸು ವಾಲಿಸಿ ಕಟ್ಟುತ್ತಾರೆ. ಯಾವ ಕಲ್ಲು ಎಲ್ಲಿ ಕೂರಬೇಕೆಂಬುದು ಕೈಗೆ ಗೊತ್ತಿರಬೇಕಾದ ವಿದ್ಯೆ.

ಕಟ್ಟಿದವರು ಯಾರು? ಸುತ್ತಲಿನ ಹಳ್ಳಿಗರು, ಅವರ ಜೊತೆ ಸ್ಪೇನಿನ ಗಲೀಸಿಯ ಪ್ರಾಂತ್ಯದಿಂದ ಹೊಟ್ಟೆಪಾಡಿಗೆ ಬಂದ ಕೂಲಿಗಳು. ಕೊಯ್ಲಿನ ಕಾಲಕ್ಕೆ ಬೆಟ್ಟದ ಮೇಲಿನ ಊರುಗಳಿಂದ ಗಂಡಸರು, ಹೆಂಗಸರು ಗುಂಪು ಕಟ್ಟಿಕೊಂಡು, ಡೋಲು ಬಾರಿಸಿ ಹಾಡಿಕೊಂಡು ನಡೆದು ಬರುತ್ತಿದ್ದರು. ಆ ಗುಂಪಿಗೆ ಅಲ್ಲಿ 'ರೋಗ' ಎಂದು ಹೆಸರು! ನಮ್ಮ ಕಿವಿಗೆ ಬಿದ್ದರೆ ಹೆದರಿಕೆಯಾಗಬೇಕು, ಅಲ್ಲಿನವರಿಗೆ ಸಂಭ್ರಮ. ಹೆಂಗಸರು ಗೊಂಚಲು ಕತ್ತರಿಸುವುದು, ಗಂಡಸರು ಐವತ್ತು ಕಿಲೋಗೂ ಹೆಚ್ಚು ತೂಗುವ ಬುಟ್ಟಿಯನ್ನು ಬೆನ್ನ ಮೇಲೆ ಹೊತ್ತು, ಸಾಲಾಗಿ ಮೆಟ್ಟಿಲಿಳಿಯುವುದು. ರಾತ್ರಿ ಕಲ್ಲಿನ ತೊಟ್ಟಿಯಲ್ಲಿ ಹಣ್ಣು ಸುರಿದು, ಹೆಗಲಿಗೆ ಹೆಗಲು ಕೊಟ್ಟು ನಿಂತು ಕಾಲಿನಿಂದ ತುಳಿಯುವುದು. ಮೊದಲೆರಡು ಗಂಟೆ ಕವಾಯತಿನ ಹಾಗೆ ಒಂದೇ ಹೆಜ್ಜೆ. ಆಮೇಲೆ ಅಕಾರ್ಡಿಯನ್ ನುಡಿಸಿ ಕುಣಿಯಲು ಬಿಡುಗಡೆ. ಕಾಲಿನಲ್ಲಿ ತುಳಿದರೆ ಸಿಪ್ಪೆಯ ಬಣ್ಣವೆಲ್ಲ ಬಿಡುತ್ತದೆ, ಬೀಜ ಒಡೆಯುವುದಿಲ್ಲ. ಬೀಜ ಒಡೆದರೆ ರಸ ಕಹಿ. ಕೆಲವು ತೋಟಗಳಲ್ಲಿ ಈಗಲೂ ಹೀಗೆ ತುಳಿಯುತ್ತಾರೆ.

ಗಡಿಕಲ್ಲು 335

ಇಷ್ಟು ಕಷ್ಟದ ಜಾಗದಲ್ಲಿ ಇಷ್ಟೊಂದು ತೋಟ ಏಕೆ ಎದ್ದಿತು? ಕಾರಣ ರಾಜಕೀಯ. ಇಂಗ್ಲೆಂಡಿಗೂ ಫ್ರಾನ್ಸಿಗೂ ಜಗಳ ಬಿದ್ದು ಇಂಗ್ಲಿಷರಿಗೆ ಫ್ರಾನ್ಸಿನ ವೈನ್ ದುರ್ಲಭವಾಯಿತು. 1703ರಲ್ಲಿ ಪೋರ್ಚುಗಲ್ ಜೊತೆ ಒಪ್ಪಂದವಾಯಿತು. ಇಂಗ್ಲಿಷರ ಉಣ್ಣೆ ಬಟ್ಟೆಗೆ ಪೋರ್ಚುಗಲ್ಲಿನಲ್ಲಿ ಪ್ರವೇಶ, ಪೋರ್ಚುಗಲ್ಲಿನ ವೈನಿಗೆ ಇಂಗ್ಲೆಂಡಿನಲ್ಲಿ ಫ್ರಾನ್ಸಿನದಕ್ಕಿಂತ ಮೂರನೇ ಒಂದು ಭಾಗ ಕಡಿಮೆ ಸುಂಕ. ಪೋರ್ಟೊದಲ್ಲಿ ಇಂಗ್ಲಿಷ್ ವರ್ತಕರು ಅಂಗಡಿ ತೆರೆದರು. ವೈನ್ ಹುಳಿಯಲು ಬಿಟ್ಟಾಗ ಅರ್ಧದಲ್ಲೇ ದ್ರಾಕ್ಷಿಯ ಸ್ಪಿರಿಟ್ ಸುರಿಯುವ ಪದ್ಧತಿಯೂ ಕ್ರಮೇಣ ಬಂತು. ಸ್ಪಿರಿಟ್ ಬಿದ್ದೊಡನೆ ಸಕ್ಕರೆ ತಿನ್ನುವ ಯೀಸ್ಟ್ ಸಾಯುತ್ತದೆ. ಉಳಿದ ಸಕ್ಕರೆ ಹಾಗೇ ಉಳಿದು ಸಿಹಿಯಾಗುತ್ತದೆ. ಸಮುದ್ರಯಾನದಲ್ಲಿ ಕೆಡುವುದೂ ಇಲ್ಲ.

ಬೇಡಿಕೆ ಏರಿದ ಕಡೆ ಕಲಬೆರಕೆ ತಪ್ಪೀತೇ? ಬೇರೆ ಊರಿನ ಅಗ್ಗದ ವೈನ್ ತಂದು ಬೆರೆಸಿದರು. ಬಣ್ಣ ಗಾಢವಾಗಲೆಂದು ಎಲ್ಡರ್ ಎಂಬ ಗಿಡದ ಕಪ್ಪು ಹಣ್ಣಿನ ರಸ ಸೇರಿಸಿದರು. ಹೆಸರು ಕೆಟ್ಟಿತು, ಬೆಲೆ ಬಿತ್ತು, ರೈತ ಬಿದ್ದ.

ಆಗ ಕೈಹಾಕಿದವನು ದೊರೆ ಒಂದನೆಯ ಜೋಸೆಯ ಮಂತ್ರಿ, ಮುಂದೆ ಪೊಂಬಾಲ್ ಎಂಬ ಬಿರುದಿನಿಂದ ಪ್ರಸಿದ್ಧನಾದವನು. 1755ರ ಭೂಕಂಪದಲ್ಲಿ ನೆಲಸಮವಾದ ಲಿಸ್ಬನ್ ನಗರವನ್ನು ಮತ್ತೆ ಕಟ್ಟಿಸಿದವನೂ ಇವನೇ. 1756ರಲ್ಲಿ ಡೌರೊ ವೈನಿಗಾಗಿಯೇ ಒಂದು ಕಂಪನಿ ಸ್ಥಾಪಿಸಿದ. ಒಳ್ಳೆಯ ದ್ರಾಕ್ಷಿ ಬೆಳೆಯುವ ಸೀಮೆಯ ಸುತ್ತ ಗ್ರಾನೈಟ್ ಗಡಿಕಲ್ಲು ನೆಡಿಸಿದ. 1758ರಲ್ಲಿ ಕೆಲವು, 1761ರಲ್ಲಿ ಕೆಲವು, ಒಟ್ಟು 335. ಅವುಗಳಲ್ಲಿ ಎಷ್ಟೋ ಕಲ್ಲುಗಳು ಇಂದಿಗೂ ಇವೆ. ಎಲ್ಡರ್ ಗಿಡಗಳನ್ನು ಕೀಳಿಸಿದ. ಇಟಲಿಯ ಕಿಯಾಂಟಿ, ಹಂಗೇರಿಯ ತೊಕಾಯ್ ಸೀಮೆಗಳಿಗೆ ಇದಕ್ಕೂ ಮುಂಚೆ ಗಡಿ ಗುರುತಿಸಿದ್ದುಂಟು. ಆದರೆ ಗಡಿ, ದರ್ಜೆ, ಬೆಲೆ, ತಪಾಸಣೆ ಎಲ್ಲವನ್ನೂ ಒಂದೇ ಕಟ್ಟಿನಲ್ಲಿ ಬಿಗಿದದ್ದು ಇಲ್ಲಿ.

ಬಿಗಿ ಕೆಲವರಿಗೆ ಉಸಿರು ಕಟ್ಟಿಸಿತು. ಪೋರ್ಟೊದಲ್ಲಿ ವೈನ್ ಮಾರುವ ಹಕ್ಕೂ ಕಂಪನಿಯ ಕೈಗೆ ಹೋದಾಗ 1757ರಲ್ಲಿ ಊರಿನ ಜನ ದಂಗೆಯೆದ್ದರು. ಮಂತ್ರಿ ಕರುಣೆ ತೋರಲಿಲ್ಲ, ಹಲವರನ್ನು ಗಲ್ಲಿಗೇರಿಸಿದ.

'ಈ ಹೆಸರು ಈ ನೆಲಕ್ಕೆ ಮಾತ್ರ' ಎಂಬ ಆ ವಿಚಾರ ಈಗ ನಮ್ಮಲ್ಲೂ ಇದೆ. ನಂಜನಗೂಡಿನ ರಸಬಾಳೆ, ಕೊಡಗಿನ ಕಿತ್ತಳೆ, ಮೈಸೂರು ಮಲ್ಲಿಗೆ, ಬೆಂಗಳೂರಿನ ನೀಲಿ ದ್ರಾಕ್ಷಿಗಳಿಗೆ ಸಿಕ್ಕಿರುವ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಟ್ಯಾಗ್, ಅದೇ ಜಾತಿಯದು. ಗಡಿಕಲ್ಲಿನ ಬದಲು ನಕ್ಷೆ, ನೋಂದಣಿ ಬಂದಿವೆ.

ಹೊಳೆಯ ಮೇಲಿನ ಹಣ

ರಸ್ತೆ, ರೈಲು ಇಲ್ಲದ ಕಾಲದಲ್ಲಿ ಪೀಪಾಗಳು ಹೊಳೆಯ ಮೇಲೇ ಹೋಗಬೇಕಿತ್ತು. ಅದಕ್ಕೆ 'ರಬೇಲೊ' ಎಂಬ ಚಪ್ಪಟೆ ತಳದ ದೋಣಿ, ಹಿಂದೆ ಉದ್ದನೆಯ ಚುಕ್ಕಾಣಿ ಹುಟ್ಟು. ಡೌರೊ ಆಗ ಬಂಡೆ, ಸುಳಿ, ಧುಮುಕುಗಳ ಹೊಳೆ. ತುಂಬಿದ ದೋಣಿ ಕೆಳಗೆ ಬರುವಾಗ ಪ್ರಾಣ ಕೈಯಲ್ಲಿ, ಬರಿದಾದ ದೋಣಿ ಮೇಲೆ ಹೋಗುವಾಗ ಎಷ್ಟೋ ಕಡೆ ದಡದಿಂದ ಎತ್ತುಗಳು ಎಳೆಯಬೇಕು.

ಎಲ್ಲಕ್ಕಿಂತ ಭಯಂಕರ ಜಾಗ ವಲೇರ ಎಂಬ ಧುಮುಕು. 1861ರ ಮೇ 12ರಂದು ಅಲ್ಲಿ ಒಂದು ದೋಣಿ ಮಗುಚಿತು. ಅದರಲ್ಲಿದ್ದವರಲ್ಲಿ ಇಬ್ಬರು ಆ ಸೀಮೆಯ ಹೆಸರಾಂತರು. ಒಬ್ಬ ಜೋಸೆಫ್ ಜೇಮ್ಸ್ ಫಾರೆಸ್ಟರ್. ಇಂಗ್ಲೆಂಡಿನಿಂದ ಬಂದ ವರ್ತಕನಾದರೂ ಡೌರೊ ನದಿಯ ನಕ್ಷೆಯನ್ನು ಸ್ವತಃ ಬರೆದವನು, ಕಲಬೆರಕೆಯ ವಿರುದ್ಧ ಬರೆದು ತನ್ನ ಜೊತೆಯ ವರ್ತಕರನ್ನೇ ಎದುರುಹಾಕಿಕೊಂಡವನು. ಇನ್ನೊಬ್ಬರು ದೋನಾ ಅಂತೋನಿಯಾ ಫೆರೇರಾ. ಫಾರೆಸ್ಟರ್ ಮುಳುಗಿದ, ದೇಹವೂ ಸಿಗಲಿಲ್ಲ. ಅಂತೋನಿಯಾ ಬದುಕಿದರು. ರೈತರಿಗೆ ಬಟವಾಡೆ ಮಾಡಲು ಸೊಂಟಕ್ಕೆ ಕಟ್ಟಿದ್ದ ನಾಣ್ಯದ ಪಟ್ಟಿಯೇ ಅವನನ್ನು ಕೆಳಗೆಳೆಯಿತು, ಆಕೆಯ ಅಗಲವಾದ ಲಂಗ ಗಾಳಿ ತುಂಬಿ ಆಕೆಯನ್ನು ತೇಲಿಸಿತು ಎಂದು ಅಲ್ಲಿನ ಜನ ಇಂದಿಗೂ ಕಥೆ ಹೇಳುತ್ತಾರೆ.

ದೋನಾ ಅಂತೋನಿಯಾ ಮೂವತ್ತು ದಾಟಿದ ಕೆಲವೇ ವರ್ಷಗಳಲ್ಲಿ ವಿಧವೆಯಾದವರು. ಗಂಡ ಬಿಟ್ಟುಹೋದ ವ್ಯಾಪಾರವನ್ನು ಕೈಗೆತ್ತಿಕೊಂಡು ತೋಟದ ಮೇಲೆ ತೋಟ ಬೆಳೆಸಿದರು. ಅಧಿಕಾರದಲ್ಲಿದ್ದ ಒಬ್ಬ ಡ್ಯೂಕ್ ತನ್ನ ಮಗನಿಗೆ ಈಕೆಯ ಚಿಕ್ಕ ವಯಸ್ಸಿನ ಮಗಳನ್ನು ತಂದುಕೊಳ್ಳಲು ಒತ್ತಾಯ ಹೇರಿದಾಗ, ಮಗಳನ್ನು ಕರೆದುಕೊಂಡು ದೇಶ ಬಿಟ್ಟು ಲಂಡನ್ ಸೇರಿದ ಗಟ್ಟಿಗಿತ್ತಿ. ಜನ ಪ್ರೀತಿಯಿಂದ 'ಫೆರೇರಿಞ' ಎಂದು ಕರೆದರು. ನಮ್ಮಲ್ಲಿ ಹಿರಿಯಕ್ಕನಿಗೆ ಮುದ್ದು ಹೆಸರು ಇಟ್ಟ ಹಾಗೆ. ಈ ಪ್ರೀತಿ ಬರಲು ಕಾರಣ ಮುಂದಿನ ಕಷ್ಟಕಾಲ.

ಸಾಸಿವೆಗಿಂತ ಚಿಕ್ಕ ಶತ್ರು

1860ರ ದಶಕದಲ್ಲಿ ಅಮೆರಿಕದಿಂದ ತಂದ ದ್ರಾಕ್ಷಿ ಗಿಡಗಳ ಜೊತೆ ಯೂರೋಪಿಗೆ ಫಿಲಾಕ್ಸೆರಾ ಎಂಬ ಕೀಟ ಬಂತು. ಒಂದು ಮಿಲಿಮೀಟರ್ ಗಾತ್ರವೂ ಇರದ ಈ ಹೇನು ಬೇರಿಗೆ ಬಾಯಿ ಹಾಕಿ ರಸ ಹೀರುತ್ತದೆ. ಗಾಯವಾದ ಬೇರು ಕೊಳೆತು ಗಿಡ ಒಣಗುತ್ತದೆ. ನೂರಾರು ವರ್ಷ ಕಟ್ಟಿದ ಡೌರೊ ತೋಟಗಳು ಕೆಲವೇ ವರ್ಷಗಳಲ್ಲಿ ಕಟ್ಟಿಗೆಯಾದವು. ಸಾವಿರಾರು ಜನ ಊರು ಬಿಟ್ಟರು, ಅನೇಕರು ಹಡಗು ಹತ್ತಿ ಬ್ರೆಜಿಲ್ ಸೇರಿದರು. ಆ ದಿನಗಳಲ್ಲಿ ಅಂತೋನಿಯಾ ಕೆಲಸ ನಿಲ್ಲಿಸಲಿಲ್ಲ. ಅರವತ್ತು ದಾಟಿದ ಮೇಲೂ ಗಡಿಯ ಬಳಿಯ ಪಾಳುನೆಲ ಕೊಂಡು ಹೊಸ ತೋಟ ಎಬ್ಬಿಸಿ ನೂರಾರು ಕೈಗಳಿಗೆ ಕೂಲಿ ಕೊಟ್ಟರು.

ಮದ್ದು ಸಿಕ್ಕಿದ್ದೂ ರೋಗ ಬಂದ ದಾರಿಯಲ್ಲೇ. ಅಮೆರಿಕದ ಕಾಡುದ್ರಾಕ್ಷಿಯ ಬೇರು ಈ ಕೀಟವನ್ನು ತಾಳಿಕೊಳ್ಳುತ್ತದೆ. ಹಾಗಾಗಿ ಕೆಳಗೆ ಅಮೆರಿಕದ ಬೇರು, ಮೇಲೆ ಯೂರೋಪಿನ ಕುಡಿ ಎಂದು ಕಸಿ ಕಟ್ಟಿದರು. ಕಸಿ ಎಂದರೆ ನಮ್ಮ ರೈತರಿಗೆ ವಿವರಿಸಬೇಕಿಲ್ಲ. ವಿಜಯಪುರ, ಬಾಗಲಕೋಟೆ ಕಡೆಯ ದ್ರಾಕ್ಷಿ ಬೆಳೆಗಾರರು 'ಡಾಗ್‌ರಿಡ್ಜ್' ಬೇರಿನ ಮೇಲೆ ಕಸಿ ಕಟ್ಟುತ್ತಾರಲ್ಲ, ಅದೂ ಅಮೆರಿಕದ್ದೇ. ಅಲ್ಲಿ ಕೀಟದ ಭಯಕ್ಕೆ, ಇಲ್ಲಿ ಚೌಳು ನೆಲ ಮತ್ತು ನೀರಿನ ಕೊರತೆಗೆ.

ಆದರೆ ಎಲ್ಲ ಗೋಡೆಗಳೂ ಮತ್ತೆ ಜೀವ ಪಡೆಯಲಿಲ್ಲ. ಕೈಯಲ್ಲಿ ಕಾಸಿಲ್ಲದವರು ಬಿಟ್ಟುಹೋದ ಹಂತಗಳು ಹಾಗೇ ಉಳಿದವು. ಗೋಡೆಗಳ ನಡುವೆ ಪೊದೆ, ಆಲಿವ್ ಬೆಳೆದವು. ಅವಕ್ಕೆ ಅಲ್ಲಿನವರು 'ಮೊರ್ತೋರಿಯು' ಎನ್ನುತ್ತಾರೆ. ಸತ್ತ ತೋಟ ಎಂದು ಅರ್ಥ. ಇಂದಿಗೂ ಬೆಟ್ಟದ ಮೇಲೆ ಅವು ಕಾಣುತ್ತವೆ.

ತೋಟಕ್ಕೂ ಅಂಕಪಟ್ಟಿ

ಬ್ಯಾಂಕಿನಲ್ಲಿ ಗುಮಾಸ್ತನಾಗಿ ಬೆಳೆಸಾಲದ ಪಹಣಿ, ಲೆಡ್ಜರುಗಳ ನಡುವೆ ದಿನ ಕಳೆದ ನನಗೆ ಡೌರೊದಲ್ಲಿ ತುಂಬ ಹಿಡಿಸಿದ್ದು ಅಲ್ಲಿನ ತೋಟಗಳ ದಾಖಲೆ. ಪ್ರತಿಯೊಂದು ತುಂಡು ತೋಟಕ್ಕೂ ಹನ್ನೆರಡು ವಿಷಯಗಳಲ್ಲಿ ಅಂಕ ಕೊಡುತ್ತಾರೆ. ಎತ್ತರ, ಇಳಿಜಾರು, ಕಲ್ಲು, ಬಿಸಿಲಿನ ದಿಕ್ಕು, ಗಿಡದ ವಯಸ್ಸು, ತಳಿ ಇತ್ಯಾದಿ. ಇಳಿಜಾರು ಕಡಿದಾಗಿದ್ದಷ್ಟೂ ಅಂಕ ಹೆಚ್ಚು. ಇಳುವರಿ ಅತಿಯಾದರೆ ಅಂಕ ಕಡಿಮೆ. 1200ಕ್ಕಿಂತ ಹೆಚ್ಚು ಅಂಕ ಬಂದರೆ 'ಎ' ದರ್ಜೆ. ಪ್ರತಿವರ್ಷ ಒಟ್ಟು ಎಷ್ಟು ಪೀಪಾ ಪೋರ್ಟ್ ಮಾಡಬಹುದೆಂದು ಮೊದಲೇ ನಿಗದಿಯಾಗುತ್ತದೆ. ದರ್ಜೆಗೆ ತಕ್ಕಂತೆ ರೈತನಿಗೆ ಪಾಲು ಸಿಗುತ್ತದೆ. ಅದಕ್ಕೆ 'ಬೆನಿಫಿಸಿಯು' ಎಂದು ಹೆಸರು. ನಮ್ಮ ಸಾಲದ ಮಿತಿ ಇದ್ದ ಹಾಗೆ.

ಕೇಳಲು ಎಷ್ಟು ಚೆನ್ನ! ಆದರೆ ಇಲ್ಲೇ ಮುಳ್ಳಿದೆ. ಒಂದೇ ಗಿಡದ ಹಣ್ಣು ಪಾಲಿನೊಳಗೆ ಹೋದರೆ ಒಳ್ಳೆಯ ಬೆಲೆ. ಪಾಲು ಮೀರಿದ ಹಣ್ಣು ಸಾಧಾರಣ ವೈನಿಗೆ ಹೋಗಬೇಕು, ಅದಕ್ಕೆ ಬೆಲೆ ಬಹಳ ಕಡಿಮೆ. ಲೋಕದಲ್ಲಿ ಪೋರ್ಟ್ ಕುಡಿಯುವವರು ಕಡಿಮೆಯಾಗುತ್ತಿದ್ದಾರೆ, ಹಾಗಾಗಿ ಈಚಿನ ವರ್ಷಗಳಲ್ಲಿ ಪಾಲೂ ಇಳಿದಿದೆ. ಸಾವಿರಾರು ಸಣ್ಣ ಹಿಡುವಳಿದಾರರು 'ಬೆಳೆದ ಖರ್ಚೂ ಹುಟ್ಟುವುದಿಲ್ಲ' ಎಂದು ಬೀದಿಗಿಳಿದಿದ್ದಾರೆ. ಬಹುಕಾಲ ಪೋರ್ಟ್ ರಫ್ತು ಮಾಡಬೇಕಾದರೆ ನದೀಮುಖದ ಗಾಯ ಪಟ್ಟಣದ ಗೋದಾಮುಗಳ ಮೂಲಕವೇ ಹೋಗಬೇಕಿತ್ತು. 1986ರ ನಂತರವಷ್ಟೇ ತೋಟದವರು ನೇರವಾಗಿ ಹೊರದೇಶಕ್ಕೆ ಕಳಿಸಬಹುದಾಯಿತು. ಅಲ್ಲಿಯವರೆಗೆ ಬೆಟ್ಟ ಒಬ್ಬರದು, ಬಾಟಲಿಯ ಮೇಲಿನ ಹೆಸರು ಇನ್ನೊಬ್ಬರದು ಎನ್ನುವಂತಿತ್ತು.

ಗೋಡೆಯ ಕೂಲಿ ಯಾರ ಖಾತೆಗೆ?

ಹೊಳೆಗೆ ಅಣೆಕಟ್ಟುಗಳು ಬಂದು ವಲೇರದ ಧುಮುಕು ನೀರಿನಡಿ ಮುಳುಗಿದೆ. ರಬೇಲೊ ದೋಣಿಗಳು ಗಾಯ ಪಟ್ಟಣದ ದಡದಲ್ಲಿ ಪ್ರವಾಸಿಗರ ಫೋಟೊಗೆ ನಿಂತಿವೆ. 1970ರ ದಶಕದಿಂದ ಬುಲ್ಡೋಜರ್ ತಂದು, ಕಲ್ಲಿನ ಗೋಡೆಯ ಬದಲು ಮಣ್ಣಿನ ಏರಿಯಿರುವ ಅಗಲ ಹಂತಗಳನ್ನು ಮಾಡಿದರು. ಟ್ರ್ಯಾಕ್ಟರ್ ಓಡಾಡುತ್ತದೆ, ಆಳು ಕಡಿಮೆ ಸಾಕು, ಆದರೆ ಏರಿಯ ಜಾಗವೆಲ್ಲ ವ್ಯರ್ಥ, ಮಣ್ಣೂ ಕೊಚ್ಚುತ್ತದೆ. ಇನ್ನು ಕೆಲವರು ಬೆಟ್ಟದ ಕೆಳಗಿನಿಂದ ಮೇಲಕ್ಕೆ ನೇರ ಸಾಲು ನೆಟ್ಟು ನೋಡಿದ್ದಾರೆ. ಹಳೆಯ ಗೋಡೆಯ ಹಂತಗಳಲ್ಲಿ ಮಾತ್ರ ಇಂದಿಗೂ ಕೈಕೆಲಸವೇ ಗತಿ.

2001ರಲ್ಲಿ ಯುನೆಸ್ಕೊ ಈ ಕಣಿವೆಯ 24,600 ಹೆಕ್ಟೇರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅರಮನೆಗೋ ಗುಡಿಗೋ ಅಲ್ಲ, ಕೂಲಿಯವರು ಕಟ್ಟಿದ ಬೆಟ್ಟಕ್ಕೆ ಸಿಕ್ಕ ಗೌರವ ಅದು. ಸಂತೋಷದ ಮಾತೇ. ಆದರೆ ಜೋರು ಮಳೆ ಬಂದ ಚಳಿಗಾಲದಲ್ಲಿ ಗೋಡೆಗಳು ಅಲ್ಲಲ್ಲಿ ಕುಸಿಯುತ್ತವೆ. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಕಲ್ಲು ತಾನಾಗಿ ಮೇಲೇರಿ ಕೂರುವುದಿಲ್ಲ. ಕಟ್ಟಬಲ್ಲ ಮೇಸ್ತ್ರಿಗಳಿಗೆ ವಯಸ್ಸಾಗಿದೆ. ಊರಿನ ಹುಡುಗರು ಪೋರ್ಟೊ, ಲಿಸ್ಬನ್, ಫ್ರಾನ್ಸ್ ಎಂದು ಹೊರಟಿದ್ದಾರೆ. ಅವರನ್ನು ದೂರುವಂತಿಲ್ಲ. ನಮ್ಮ ಹಳ್ಳಿಯ ಹುಡುಗರೂ ಹಾಗೇ ಹೊರಟವರಲ್ಲವೇ?

ವಾಣಿಜ್ಯ ಓದಿದವರು ಸವಕಳಿ ಎಂಬ ಲೆಕ್ಕ ಬಲ್ಲರು. ಯಂತ್ರ ಸವೆಯುತ್ತದೆ, ಕಟ್ಟಡ ಹಳೆಯದಾಗುತ್ತದೆ, ಅದಕ್ಕಾಗಿ ಪ್ರತಿವರ್ಷ ಲಾಭದಿಂದ ಒಂದಿಷ್ಟು ತೆಗೆದಿಡಬೇಕು. ಇಲ್ಲದಿದ್ದರೆ ಲಾಭವೆಂದು ತಿಂದದ್ದು ನಿಜವಾಗಿ ಬಂಡವಾಳವನ್ನೇ. ಡೌರೊದ ಬಂಡವಾಳ ಆ ಕಲ್ಲುಗೋಡೆ. ಬಾಟಲಿಯ ಬೆಲೆಯಲ್ಲಿ ಸೀಸೆ, ಬಿರಡೆ, ಚೀಟಿ, ಸಾಗಣೆ, ಸುಂಕ ಎಲ್ಲಕ್ಕೂ ಪಾಲಿದೆ. ಗೋಡೆಯ ಕಲ್ಲು ಬಿದ್ದಾಗ ಅದನ್ನೆತ್ತಿ ಕೂರಿಸುವವನ ಕೂಲಿಗೆ ಪಾಲು ಉಳಿಯದಿದ್ದರೆ ಇನ್ನಷ್ಟು ಹಂತಗಳು ಸತ್ತ ತೋಟಗಳ ಸಾಲಿಗೆ ಸೇರುತ್ತವೆ.

ನಂಜನಗೂಡಿನ ರಸಬಾಳೆಗೆ ಜಿಐ ಟ್ಯಾಗ್ ಇದೆ. ಆದರೆ ರೋಗ ಬಂದು, ಆದಾಯ ಸಾಲದೆ, ಅದನ್ನು ಬೆಳೆಯುವ ರೈತರು ಎಷ್ಟು ಕಡಿಮೆಯಾದರೆಂದು ಆ ಕಡೆಯವರಿಗೆ ಗೊತ್ತು. ಮುಂದಿನ ಸಲ ಮನೆಯ ಮಕ್ಕಳು ಯಾವುದಾದರೂ ಪೊಟ್ಟಣದ ಮೇಲೆ ಊರಿನ ಹೆಸರು ಓದಿ 'ಇದೇನು?' ಎಂದು ಕೇಳಿದರೆ, ಆ ಊರಿನ ಕಥೆ ಹೇಳಿ. ಅದನ್ನು ಬೆಳೆದವರಿಗೆ ಎಷ್ಟು ಸಿಕ್ಕಿರಬಹುದೆಂದು ಅವರ ಜೊತೆ ಕೂತು ಲೆಕ್ಕ ಹಾಕಿ. ಗಣಿತವೂ ಆಯಿತು, ಭೂಗೋಳವೂ ಆಯಿತು.